ಯಾವ ಮಗುವಿಗೆ, ಯಾವ ನುಡಿಯಲ್ಲಿ?

ಗಡಿಸೀಮೆಯಲ್ಲಿ ಕ್ರೈಸ್ತ ಶಾಲೆಗಳನ್ನು ನಡೆಸಿದವರ ಎರಡು ಶತಮಾನಗಳ ಹೊಣೆ

ಕೃಷ್ಣೆಯ ಬಯಲಿನಲ್ಲಿ ಹರಡಿಕೊಂಡಿರುವ ಅಥಣಿ, ಕಾಗವಾಡ, ರಾಯಬಾಗಗಳು, ಅವುಗಳ ಪಡುವಣಕ್ಕೆ ದೂಧಗಂಗಾ ವೇದಗಂಗೆಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿಗಳು, ಕಬ್ಬಿಗೂ ತಂಬಾಕಿಗೂ ಹೆಸರಾದಂತೆಯೇ ಎರಡು ನುಡಿಗಳ ಬಳಕೆಗೂ ಹೆಸರಾಗಿವೆ. ಮನೆಯಲ್ಲಿ ಕನ್ನಡವಾಡುವವನು ಸಂತೆಗೆ ಹೋದಾಗ ಮರಾಠಿಯಲ್ಲಿ ಬೆಲೆ ಕೇಳುತ್ತಾನೆ. ಮರಾಠಿ ಮನೆಮಾತಿನವನು ನೆರೆಯವನೊಡನೆ ಕನ್ನಡದಲ್ಲಿ ಸುಖದುಃಖ ಹಂಚಿಕೊಳ್ಳುತ್ತಾನೆ. ದೊಡ್ಡವರಿಗೆ ಇದರಿಂದ ತೊಡಕೇನೂ ಇಲ್ಲ. ಆದರೆ ಐದಾರು ವರ್ಷದ ಮಗುವನ್ನು ಶಾಲೆಗೆ ಹಾಕುವ ದಿನ ಬಂತೆಂದರೆ ಪ್ರಶ್ನೆ ಎದ್ದು ನಿಲ್ಲುತ್ತದೆ. ಇದರ ಮೊದಲ ಅಕ್ಷರ ಯಾವ ನುಡಿಯದಾಗಬೇಕು? ಅದಕ್ಕೂ ಮೊದಲಿನ ಪ್ರಶ್ನೆ ಇನ್ನೊಂದಿತ್ತು: ಈ ಮಗುವನ್ನು ಶಾಲೆಯ ಒಳಗೆ ಕರೆದುಕೊಳ್ಳುವರೇ?

ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗಿ ಬಂದವರಲ್ಲಿ ಸರಕಾರದ ವಿದ್ಯಾಖಾತೆಯವರಿದ್ದರು, ಮಠಾಧಿಪತಿಗಳಿದ್ದರು, ಸಂಸ್ಥಾನಿಕರಿದ್ದರು. ಅವರೊಡನೆ ಕ್ರೈಸ್ತ ಸಭೆಗಳ ಶಾಲೆಗಳನ್ನು ನಡೆಸಿದವರೂ ಇದ್ದರು. ಆಂಗ್ಲಿಕನ್ ಪರಂಪರೆಯ ಸಭೆಯಲ್ಲಿ ಒಬ್ಬ ಬಿಷಪ್ಪರ ಅಧಿಕಾರಕ್ಕೆ ಒಳಪಟ್ಟ ಸೀಮೆಗೆ ಸಭಾಪ್ರಾಂತವೆಂದು ಹೆಸರು. ವಾಚಕರಿಗೆ ಅದರ ಕಲ್ಪನೆ ಬರಬೇಕಾದರೆ ಶೈಕ್ಷಣಿಕ ಜಿಲ್ಲೆಯನ್ನು ನೆನೆದುಕೊಳ್ಳಬಹುದು. ಬೆಳಗಾವಿ ಕಂದಾಯ ಜಿಲ್ಲೆ ಒಂದೇ ಆದರೂ ವಿದ್ಯಾಖಾತೆಯ ಲೆಕ್ಕದಲ್ಲಿ ಅದು ಬೆಳಗಾವಿ, ಚಿಕ್ಕೋಡಿ ಎಂದು ಎರಡಾಗಿದೆ. ಈ ಐದು ತಾಲೂಕುಗಳೂ ಚಿಕ್ಕೋಡಿಯ ಉಪನಿರ್ದೇಶಕರ ಕೈಕೆಳಗೆ ಬರುತ್ತವೆ. ಸಭಾಪ್ರಾಂತದ ಶಾಲೆಗಳ ಮಟ್ಟಿಗೆ ಬಿಷಪ್ಪರೂ ಅವರ ವಿದ್ಯಾಮಂಡಲಿಯೂ ಅಂಥದೇ ಹೊಣೆಯನ್ನು ಹೊತ್ತಿರುತ್ತಾರೆ. ಭೇದವಿಷ್ಟೆ: ಉಪನಿರ್ದೇಶಕರಿಗೆ ಮೇಲಿನಿಂದ ಆಜ್ಞೆ ಬರುತ್ತದೆ, ಬಿಷಪ್ಪರು ಅನೇಕ ವಿಷಯಗಳನ್ನು ತಾವೇ ನಿರ್ಣಯಿಸಬೇಕಾಗುತ್ತದೆ.

ಮರಳ ಮೇಲಿನ ಅಕ್ಷರ

ಇಂಗ್ಲೆಂಡಿನ ಚರ್ಚು ಶಾಲೆಗಳ ಮೂಲವನ್ನು ಹುಡುಕುತ್ತ ಹೊರಟವರು ಕೊನೆಗೆ ದಕ್ಷಿಣ ಹಿಂದುಸ್ಥಾನದ ಒಂದು ಜಗುಲಿಗೆ ಬಂದು ಮುಟ್ಟುತ್ತಾರೆಂಬುದು ಸೋಜಿಗದ ಸಂಗತಿ. ಆಂಗ್ಲಿಕನ್ ಪಾದ್ರಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನವನು 1789ರಲ್ಲಿ ಮದರಾಸಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಣೆಯನ್ನು ವಹಿಸಿಕೊಂಡನು. ಅಲ್ಲಿನ ಉಪಾಧ್ಯಾಯರು ಹೊಸ ಪದ್ಧತಿಗೆ ಒಗ್ಗಲಿಲ್ಲ. ಒಂದು ದಿನ ಊರಿನ ಮಕ್ಕಳು ಮರಳನ್ನು ಹರಡಿ, ಬೆರಳಿನಿಂದ ಅಕ್ಷರ ತಿದ್ದುತ್ತ ಕುಳಿತದ್ದನ್ನು ಅವನು ಕಂಡನು. ತನ್ನ ಆಶ್ರಮಕ್ಕೆ ಮರಳಿ, ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಸಣ್ಣವರ ವರ್ಗವನ್ನು ಒಪ್ಪಿಸಿದನು. ದೊಡ್ಡ ಉಪಾಧ್ಯಾಯರಿಂದ ಆಗದಿದ್ದುದು ಆ ಹುಡುಗನಿಂದ ಆಯಿತು. ಕಲಿತ ಮಗು ಕಲಿಯದ ಮಗುವಿಗೆ ಕಲಿಸುವ ಈ ಕ್ರಮವನ್ನು ವಿವರಿಸಿ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. 1811ರಲ್ಲಿ ಬಡವರ ಮಕ್ಕಳಿಗಾಗಿ ಆಂಗ್ಲಿಕನ್ ಸಭೆಯವರು ನ್ಯಾಷನಲ್ ಸೊಸೈಟಿಯನ್ನು ಕಟ್ಟಿದಾಗ ಈ ಪದ್ಧತಿಯನ್ನೇ ಬುನಾದಿಯಾಗಿ ಇಟ್ಟುಕೊಂಡರು. ಇಂಗ್ಲೆಂಡಿನ ಸಾವಿರಾರು ಹಳ್ಳಿಗಳಲ್ಲಿ ಆ ಶಾಲೆಗಳು ಎದ್ದವು. ಇಂದಿಗೂ ಅಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಶಾಲೆಗಳು ಸುಮಾರು 4,600 ಇವೆ; ಅವುಗಳಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳು ಓದುತ್ತಾರೆ; ಪ್ರತಿಯೊಂದು ಸಭಾಪ್ರಾಂತಕ್ಕೂ ಒಂದು ವಿದ್ಯಾಮಂಡಲಿಯೂ ಅದಕ್ಕೊಬ್ಬ ನಿರ್ದೇಶಕರೂ ಇರುತ್ತಾರೆ.

ಉತ್ತರ ಕರ್ನಾಟಕದ ಗಾವಠಿ ಶಾಲೆಗಳಲ್ಲಿ ಐಗಳ ಮುಂದೆ ಕುಳಿತು ಮರಳ ಮೇಲೆ ಓಂಕಾರ ತಿದ್ದಿದ ತಲೆಮಾರುಗಳಿಗೆ ಈ ಕ್ರಮ ಹೊಸದಾಗಿರಲಿಲ್ಲ. ಅದು ಹಡಗು ಹತ್ತಿ ಹೋಗಿ, ಬೇರೊಂದು ವೇಷದಲ್ಲಿ ಮರಳಿ ಬಂದಿತು. 1815ರಲ್ಲಿ ಬೊಂಬಾಯಿಯ ಆರ್ಚ್‌ಡೀಕನ್ ಜಾರ್ಜ್ ಬಾರ್ನೆಸ್ ಸ್ಥಾಪಿಸಿದ ಬೊಂಬಾಯಿ ಎಜುಕೇಶನ್ ಸೊಸೈಟಿಯೂ ಬೆಲ್ಲನ ಪದ್ಧತಿಯನ್ನೇ ಅನುಸರಿಸಿತು. ಅದರ ಒಂದು ಕವಲು 1820ರ ದಶಕದಲ್ಲಿ ಬೇರೆಯಾಗಿ, ದೇಶೀಯ ಮಕ್ಕಳ ಶಾಲೆಗಳನ್ನೂ ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿತು.

ಒಂದೇ ಸೀಮೆ, ಹಲವು ಮಿಶನ್ನುಗಳು

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಯಿತು. ಎರಡು ವರ್ಷಗಳಲ್ಲಿಯೇ, ಎಂದರೆ 1820ರಲ್ಲಿ, ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದು ನೆಲೆಸಿದನು. ಅಲ್ಲಿ ದುಡಿದ ಬೇನನ್, ಸ್ಮಿತ್ ಎಂಬಿಬ್ಬರ ಹೆಸರನ್ನು ಬೆಳಗಾವಿಯ ಬೇನನ್ ಸ್ಮಿತ್ ಹೈಸ್ಕೂಲು ಇಂದಿಗೂ ಹೊತ್ತು ನಿಂತಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈ ಮಿಶನ್ನಿನ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು. ದಕ್ಷಿಣಕ್ಕೆ 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದರು. 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಅವರ ಕೇಂದ್ರಗಳಾದವು. ಉತ್ತರಕ್ಕೆ 1852ರಲ್ಲಿ ಅಮೆರಿಕದ ರಾಯಲ್ ವೈಲ್ಡರ್ ಕೊಲ್ಹಾಪುರದಲ್ಲಿ ಕಾಲಿಟ್ಟನು; ಅವನಿಂದ ಮೊದಲಾದ ಪ್ರೆಸ್ಬಿಟೇರಿಯನ್ ಮಿಶನ್ ಮುಂದೆ ಸಾಂಗಲಿ, ಮೀರಜ, ನಿಪ್ಪಾಣಿಗಳವರೆಗೆ ಹಬ್ಬಿತು. ಕಾಗವಾಡದ ಮಗ್ಗುಲಿನ ಮೀರಜದಲ್ಲಿ ಡಾಕ್ಟರ್ ವಾನ್‌ಲೆಸ್ ಕಟ್ಟಿದ ಆಸ್ಪತ್ರೆಯ ಹೆಸರನ್ನು ಈ ಭಾಗದಲ್ಲಿ ಕೇಳದವರಿಲ್ಲ.

ಆಂಗ್ಲಿಕನ್ ಆಡಳಿತದ ಲೆಕ್ಕದಲ್ಲಿ ಈ ನಾಡು 1837ರಲ್ಲಿ ಹೊಸದಾಗಿ ರಚನೆಯಾದ ಬೊಂಬಾಯಿ ಬಿಷಪ್ಪರ ಪ್ರಾಂತದೊಳಗೆ ಸೇರಿತು. ಆದರೆ ಊರೂರಿನ ಶಾಲೆಯ ಕೆಲಸವನ್ನು ಬಹುಮಟ್ಟಿಗೆ ಮೇಲೆ ಹೇಳಿದ ಮಿಶನ್ನುಗಳೇ ಮಾಡಿದವು. ಈ ಹಲವು ಧಾರೆಗಳಲ್ಲಿ ಕೆಲವು ಒಂದುಗೂಡಿದ್ದು ಬಹುಕಾಲದ ತರುವಾಯ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಜನ್ಮ ತಾಳಿತು. ಆಂಗ್ಲಿಕನರು ತಮ್ಮ ಬಿಷಪ್ಪರ ಪರಂಪರೆಯನ್ನು ತಂದರು. ಮೆಥಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಶನಲ್ ಪಂಥದವರು ತಂತಮ್ಮ ಶಾಲೆಗಳನ್ನೂ ಸಭೆಗಳನ್ನೂ ತಂದರು. ಮೈಸೂರು ಸಭಾಪ್ರಾಂತಕ್ಕೆ ಕನ್ನಡಿಗರಾದ ಪಿ. ಗುರುಶಾಂತರು ಮೊದಲ ಬಿಷಪ್ಪರಾದರು. 1970ರ ದಶಕದ ಆರಂಭದಲ್ಲಿ ಆ ಪ್ರಾಂತ ಒಡೆದು ಮೂರಾದಾಗ ಧಾರವಾಡವು ಉತ್ತರ ಸಭಾಪ್ರಾಂತದ ಕೇಂದ್ರವಾಯಿತು. ಬಾಸೆಲ್ ಮಿಶನ್ನಿನ ಹಳೆಯ ಶಾಲೆಗಳು ಈಗ ಆ ಪ್ರಾಂತದ ಆಸ್ತಿ. ಇತ್ತ ಕೊಲ್ಹಾಪುರದ ಕಡೆಯ ಸಭೆಗಳು 1970ರಲ್ಲಿ ಉತ್ತರ ಭಾರತ ಸಭೆಯನ್ನು ಸೇರಿದವು. ಬೆಳಗಾವಿಯ ಮೆಥಡಿಸ್ಟರು ಪ್ರತ್ಯೇಕವಾಗಿಯೇ ಉಳಿದರು. ಹೀಗೆ ಚಿಕ್ಕೋಡಿಯ ಸುತ್ತಲಿನ ಸೀಮೆ ರಾಜ್ಯಗಳ ಗಡಿಯಲ್ಲಿರುವಂತೆ ಸಭೆಗಳ ಗಡಿಯಲ್ಲಿಯೂ ಇದೆ.

ಮೊದಲ ಅಕ್ಷರ ಯಾವುದು?

ಈ ಮಿಶನ್ನುಗಳ ನಡುವೆ ನುಡಿಯ ವಿಷಯದಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. 1830ರಲ್ಲಿ ಅಲೆಗ್ಸಾಂಡರ್ ಡಫ್ ಕಲಕತ್ತೆಯಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದು, ಮೇಲ್ವರ್ಗದ ತರುಣರಿಗೆ ಇಂಗ್ಲಿಷಿನಲ್ಲಿ ವಿದ್ಯೆ ಕೊಟ್ಟರೆ ಅದು ಕ್ರಮೇಣ ಕೆಳಗಿಳಿಯುವುದೆಂದು ವಾದಿಸಿದನು. ಬಾಸೆಲ್ಲಿನವರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಇಂಗ್ಲಿಷ್ ಶಾಲೆಗಳನ್ನು ಅವರೂ ತೆರೆದರೆಂಬುದು ನಿಜ. ಆದರೆ ಹಳ್ಳಿಯ ಮಗು ತನ್ನ ನುಡಿಯಲ್ಲಿಯೇ ಓದಬೇಕೆಂಬ ನಿಯಮವನ್ನು ಬಿಡಲಿಲ್ಲ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್, 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಮೊದಲಾದವರ ಕನ್ನಡ ವ್ಯಾಸಂಗ ಈ ನಿಯಮದ ಫಲವೇ. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದಾಗ ಅದು ವಿದ್ವಾಂಸರ ಮೇಜನ್ನು ಅಲಂಕರಿಸಿತು, ದಿಟ. ಆದರೆ ಅದರ ಬೇರು ಇದ್ದದ್ದು ಶಾಲೆಗೂ ಸಭೆಗೂ ಬೇಕಾದ ಕನ್ನಡವನ್ನು ಸಂಪಾದಿಸುವ ಹಂಬಲದಲ್ಲಿ.

ಬೊಂಬಾಯಿ ಇಲಾಖೆಯಲ್ಲಿ ಈ ನಾಡನ್ನು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಕಚೇರಿ, ಶಾಲೆಗಳಲ್ಲಿ ಮರಾಠಿಯದೇ ಮೇಲುಗೈಯಾಗಿತ್ತು. ವಿದ್ಯಾಖಾತೆಯ ಡಬ್ಲ್ಯು. ಎ. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಯೂ ಡೆಪ್ಯುಟಿ ಚನ್ನಬಸಪ್ಪನವರೂ ಸೇರಿ ಕನ್ನಡಿಗರ ಮಕ್ಕಳಿಗೆ ಕನ್ನಡ ಶಾಲೆಗಳನ್ನು ದೊರಕಿಸಿದ ಕಥೆಯನ್ನು ಬೆಳಗಾವಿ ಧಾರವಾಡಗಳ ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಧಾರವಾಡದ ನಾರ್ಮಲ್ ಸ್ಕೂಲಿನಿಂದ ಹೊರಬಿದ್ದ ಕನ್ನಡ ಮಾಸ್ತರರು ಹಳ್ಳಿಹಳ್ಳಿಗೆ ಹೋದರು. ಒಂದು ಕಡೆ ಸರಕಾರಿ ತಪಾಸಣಾಧಿಕಾರಿ, ಇನ್ನೊಂದು ಕಡೆ ಮಿಶನ್ ಪಾದ್ರಿ, ಇಬ್ಬರೂ ಬೇರೆ ಬೇರೆ ಕಾರಣಗಳಿಂದ ಹೊರಟು ಒಂದೇ ನಿರ್ಣಯಕ್ಕೆ ಬಂದರೆಂಬುದು ಗಮನಿಸತಕ್ಕ ಮಾತು. ಮಗುವಿನ ಮನೆಮಾತನ್ನು ಅಲಕ್ಷಿಸಿದ ಶಾಲೆ ಮಗುವನ್ನು ತಲುಪಲಾರದೆಂಬುದೇ ಆ ನಿರ್ಣಯ. ಅದೇ ನ್ಯಾಯದಿಂದ, ಮರಾಠಿ ಮನೆಮಾತಿನ ಮಗುವಿಗೆ ಮರಾಠಿ ಶಾಲೆ ಬೇಕೆಂಬುದೂ ಸಿದ್ಧವಾಗುತ್ತದೆ. ಕೊಲ್ಹಾಪುರದ ಕಡೆಯಿಂದ ಬಂದ ಮಿಶನ್ನಿನವರು ಮರಾಠಿಯಲ್ಲಿ ಕೆಲಸ ಮಾಡಿದ್ದು ಈ ಕಾರಣದಿಂದಲೇ.

1856ರ ಒಂದು ಅರ್ಜಿ

ಆದರೆ ನುಡಿಯ ಪ್ರಶ್ನೆ ಶಾಲೆಯ ಒಳಗೆ ಕುಳಿತ ಮಗುವಿನದು. ಹೊಸ್ತಿಲಾಚೆ ನಿಂತ ಮಗುವಿನ ಗತಿ ಏನು?

1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗನು ಧಾರವಾಡದ ಸರಕಾರಿ ಶಾಲೆಯಲ್ಲಿ ಓದಲು ಬಯಸಿದನು. ನಿಗದಿಯಾದ ಫೀಯನ್ನು ಕೊಡಲು ಅವನು ಸಿದ್ಧನಿದ್ದನು. ಜಾತಿಯ ಕಾರಣದಿಂದ ಅವನಿಗೆ ಪ್ರವೇಶ ದೊರೆಯಲಿಲ್ಲ. ಹುಡುಗನು ಸುಮ್ಮನಾಗದೆ ಬೊಂಬಾಯಿ ಸರಕಾರಕ್ಕೇ ಅರ್ಜಿ ಬರೆದುಕೊಂಡನು. ಅವನ ಕಡೆ ನ್ಯಾಯವಿದೆಯೆಂದು ಸರಕಾರ ಒಪ್ಪಿತು. ಆದರೆ ಒಬ್ಬನಿಗಾಗಿ ಶಾಲೆಯ ಉಳಿದೆಲ್ಲ ಮಕ್ಕಳನ್ನು ಕಳೆದುಕೊಳ್ಳಬೇಕಾದೀತೆಂದು ಅಂಜಿ ಕೈಚೆಲ್ಲಿತು. ವಿಷಯ ಗವರ್ನರ್ ಜನರಲ್ಲರ ಕಚೇರಿಗೂ ಅಲ್ಲಿಂದ ಲಂಡನ್ನಿಗೂ ಹೋಯಿತು. ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು ಕಂಪನಿಯ ಡೈರೆಕ್ಟರರು 1858ರಲ್ಲಿ ಎತ್ತಿಹಿಡಿದರು. ಕಾಗದದ ಮೇಲೆ ಹುಡುಗನು ಗೆದ್ದನು. ಆದರೆ ಆ ತತ್ತ್ವ ಬೆಂಚಿನವರೆಗೆ ಇಳಿಯಲು ತಲೆಮಾರುಗಳೇ ಬೇಕಾದವು. 1882ರ ಹಂಟರ್ ಆಯೋಗ ಅದನ್ನು ಮತ್ತೊಮ್ಮೆ ಹೇಳಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ.

ಮಿಶನ್ ಶಾಲೆಗಳಿಗೆ ಮಹತ್ವ ಬಂದುದು ಈ ಸಂದಿಯಲ್ಲಿ. ಅಲ್ಲಿಯೂ ದಾರಿ ಸುಗಮವಾಗಿತ್ತೆಂದು ಹೇಳುವಂತಿಲ್ಲ. ಕೇರಿಯ ಮಗು ಒಳಗೆ ಬಂದರೆ ಊರಿನ ಮಕ್ಕಳು ಹೊರಗೆ ಹೋಗುವ ಭಯ ಪಾದ್ರಿಗಳಿಗೂ ಇತ್ತು. ಮಕ್ಕಳನ್ನು ಬೇರೆ ಬೇರೆಯಾಗಿ ಕೂರಿಸಿದ, ಕೇರಿಯಲ್ಲಿಯೇ ಬೇರೆ ಶಾಲೆ ತೆರೆದ ಉದಾಹರಣೆಗಳು ದೇಶದಲ್ಲೆಲ್ಲ ಇವೆ. ಕಲಿಕೆಯೊಡನೆ ಮತಾಂತರದ ಉದ್ದೇಶವೂ ಬೆರೆತಿದ್ದುದರಿಂದ ಊರವರು ಸಂಶಯಪಟ್ಟದ್ದೂ ಸಹಜವೇ. ಹೀಗಿದ್ದರೂ, ಬೇರೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಒಂದು ಬಾಗಿಲು ತೆರೆದಿತ್ತೆಂಬುದನ್ನು ಮರೆಯಲಾಗದು.

ಈ ಬಾಗಿಲನ್ನು ಅಗಲಗೊಳಿಸಿದವರು ಮುಂದೆ ಅನೇಕರಾದರು. ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗದವರು ಶಾಹು ಮಹಾರಾಜರನ್ನು ನೆನೆಯುತ್ತಾರೆ. ಅವರು 1901ರಿಂದ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳನ್ನು ತೆರೆಯಿಸಿ, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ತರುಣರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1925ರಲ್ಲಿ ನಿಪ್ಪಾಣಿಯಲ್ಲಿ ಸೇರಿದ ಬಹಿಷ್ಕೃತರ ಪರಿಷತ್ತಿಗೆ ಡಾಕ್ಟರ್ ಅಂಬೇಡಕರರು ಬಂದರು. 1928ರಲ್ಲಿ ಅವರು ಸ್ಥಾಪಿಸಿದ ಶಿಕ್ಷಣ ಸಂಸ್ಥೆಯ ಐದು ವಸತಿಗೃಹಗಳಲ್ಲಿ ಒಂದು ನೆಲೆಗೊಂಡದ್ದು ಧಾರವಾಡದಲ್ಲಿಯೇ. ಮಹಾರ ಹುಡುಗನೊಬ್ಬನನ್ನು ಹೊರಗೆ ನಿಲ್ಲಿಸಿದ ಊರಿನಲ್ಲಿಯೇ ಅಂಥ ಮಕ್ಕಳಿಗೊಂದು ಮನೆ ಸಿದ್ಧವಾಯಿತು.

ಇಬ್ಬರು ಬಿಷಪ್ಪರು

ಬಿಷಪ್ಪರಾದವರು ಶಾಲೆಗಳನ್ನು ಹೇಗೆ ನಡೆಸಬಹುದೆಂಬುದಕ್ಕೆ ಹಿಂದುಸ್ಥಾನದ ಆಂಗ್ಲಿಕನ್ ಇತಿಹಾಸದಲ್ಲಿ ಎರಡು ಮಾದರಿಗಳು ಎದ್ದು ಕಾಣುತ್ತವೆ.

ಮೊದಲನೆಯವರು ಜಾರ್ಜ್ ಕಾಟನ್. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ಮಾರ್ಲ್‌ಬರೋ ಕಾಲೇಜಿನ ಮುಖ್ಯಸ್ಥರಾಗಿ ಹೆಸರು ಪಡೆದ ಅವರು 1858ರಲ್ಲಿ ಕಲಕತ್ತೆಯ ಬಿಷಪ್ಪರಾಗಿ ಬಂದರು. ಈ ದೇಶದಲ್ಲಿ ನೆಲೆಸಿದ್ದ ಯುರೋಪಿಯನರ, ಆಂಗ್ಲೋ ಇಂಡಿಯನರ ಮಕ್ಕಳು ವಿದ್ಯೆಯಿಲ್ಲದೆ ಹಾಳಾಗುತ್ತಿರುವುದನ್ನು ಕಂಡು ಅವರಿಗಾಗಿ ವಸತಿಶಾಲೆಗಳ ಯೋಜನೆ ಹಾಕಿದರು. ಸಿಮ್ಲಾದ ಶಾಲೆ 1859ರಲ್ಲಿ ಆರಂಭವಾಯಿತು. 1865ರಲ್ಲಿ ಬೆಂಗಳೂರಿನಲ್ಲಿ ಪಾದ್ರಿ ಪೆಟಿಗ್ರೂ ತೆರೆದ ಶಾಲೆ ಅವರ ಹೆಸರನ್ನೇ ಹೊತ್ತು ಬಿಷಪ್ ಕಾಟನ್ ಶಾಲೆಯಾಯಿತು. ಮರುವರ್ಷ ಕಾಟನ್ ಬಂಗಾಲದ ಕುಷ್ಟಿಯಾದಲ್ಲಿ ದೋಣಿಗೆ ಹೋಗುತ್ತಿರುವಾಗ ಹೊಳೆಗೆ ಬಿದ್ದು ತೀರಿಕೊಂಡರು. ಶಾಲೆಗಳು ಬೆಳೆದವು. ಜನರಲ್ ತಿಮ್ಮಯ್ಯನವರಂಥವರು ಬೆಂಗಳೂರಿನ ಆ ಶಾಲೆಯ ವಿದ್ಯಾರ್ಥಿಗಳು.

ಇನ್ನೊಬ್ಬರು ವೇದನಾಯಕಂ ಸಾಮುವೇಲ್ ಅಜರಯ್ಯ. 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾದ ಇವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರು. ನಿಜಾಮರ ಸೀಮೆಯ ತೆಲುಗು ಹಳ್ಳಿಗಳ ಬಡ ರೈತಕೂಲಿಗಳು, ಅಸ್ಪೃಶ್ಯರೆನಿಸಿಕೊಂಡವರು ಇವರ ಸಭಿಕರು. ಅಜರಯ್ಯನವರು ಕಟ್ಟಿದ್ದು ಹಳ್ಳಿಯ ಉಪಾಧ್ಯಾಯರ ಪಡೆಯನ್ನು. ಹಗಲು ಶಾಲೆಯಲ್ಲಿ ಕಲಿಸಿ, ಸಂಜೆ ಸಭೆಯನ್ನು ನಡೆಸುವ ಉಪಾಧ್ಯಾಯ. ಅವನಂತೆಯೇ ತರಬೇತಿ ಪಡೆದ ಅವನ ಹೆಂಡತಿ. ಈ ದಂಪತಿಗಳೇ ಆ ಸಭಾಪ್ರಾಂತದ ಬೆನ್ನೆಲುಬು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಳ್ಳುವವರೆಗೂ ಆ ಹಳ್ಳಿಗಳ ಬಿಷಪ್ಪರಾಗಿಯೇ ಉಳಿದರು.

ಎರಡು ಮಾದರಿಗಳಲ್ಲಿ ಒಂದು ಮೇಲು ಇನ್ನೊಂದು ಕೀಳೆಂದು ಎಣಿಸಬೇಕಾಗಿಲ್ಲ. ಆದರೆ ಒಂದೇ ಸಭಾಪ್ರಾಂತದಲ್ಲಿ ಎರಡೂ ಬಗೆಯ ಶಾಲೆಗಳಿದ್ದಾಗ ಮುಂದಾಳಿನ ಪರೀಕ್ಷೆ ಆರಂಭವಾಗುತ್ತದೆ.

ಅನುದಾನ ಮತ್ತು ಆಡಳಿತ

1854ರ ವುಡ್ ನಿರೂಪವು ಖಾಸಗಿ ಶಾಲೆಗಳಿಗೆ ಸರಕಾರದ ಧನಸಹಾಯವನ್ನು ಕೊಡುವ ಕ್ರಮವನ್ನು ಜಾರಿಗೆ ತಂದಿತು. ಲೌಕಿಕ ವಿದ್ಯೆಯ ಗುಣವನ್ನಷ್ಟೇ ತಪಾಸಣೆ ಮಾಡಿ ಹಣ ಕೊಡಬೇಕು, ಧರ್ಮಬೋಧೆಯ ಗೊಡವೆ ಬೇಡವೆಂಬುದು ಅದರ ನಿಯಮ. ಅಂದಿನಿಂದ ಇಂದಿನವರೆಗೆ ಅನುದಾನಿತ ಕ್ರೈಸ್ತ ಶಾಲೆಯು ಇಬ್ಬರು ಯಜಮಾನರ ಮನೆ. ಕಟ್ಟಡ, ಭೂಮಿ ಸಭೆಯವು, ಸಂಬಳ ಸರಕಾರದ್ದು. ಆಡಳಿತ ಮಂಡಲಿ ಮಾಸ್ತರರನ್ನು ಆಯ್ದರೂ ವಿದ್ಯಾಖಾತೆಯ ಒಪ್ಪಿಗೆ ಬೇಕು. ಸಭೆಯ ಪರವಾಗಿ ಶಾಲೆಯ ಕಾಗದಪತ್ರಗಳನ್ನು ನೋಡಿಕೊಳ್ಳುವ ಕರೆಸ್ಪಾಂಡೆಂಟರು, ತರಗತಿಯನ್ನು ನೋಡಿಕೊಳ್ಳುವ ಹೆಡ್‌ಮಾಸ್ತರರು, ಇವರಿಬ್ಬರ ಮೇಲೆ ಬಿಷಪ್ಪರು. ಮೊದಲನೆಯ ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ನಾಡು ಬಿಡಬೇಕಾಗಿ ಬಂದಾಗ ಇಲ್ಲಿನ ಮಾಸ್ತರರ ಹೆಗಲ ಮೇಲಿನ ಭಾರ ಹೆಚ್ಚಿತು. ಮುಂದಾಳುತನ ಹೊರಗಿನಿಂದ ಬರಬೇಕಾದುದಲ್ಲವೆಂಬುದನ್ನು ಆ ಸಂಕಟವೇ ಕಲಿಸಿತು.

ಸಂವಿಧಾನವು 1950ರಲ್ಲಿ 30ನೆಯ ಅನುಚ್ಛೇದದ ಮೂಲಕ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತು. 28ನೆಯ ಅನುಚ್ಛೇದವು ಅನುದಾನ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧೆಗೆ ಕೂರಿಸಬಾರದೆಂದಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಇಲ್ಲಿನ ಕ್ರೈಸ್ತರು ಧರ್ಮದಿಂದ ಅಲ್ಪಸಂಖ್ಯಾತರಾದರೆ ಮರಾಠಿಗರು ಭಾಷೆಯಿಂದ ಅಲ್ಪಸಂಖ್ಯಾತರಾದರು. ಗಡಿಯ ಈಚೆ ಹೆಚ್ಚಿನವನೆನಿಸಿಕೊಂಡವನು ಗಡಿಯ ಆಚೆ ಕಡಿಮೆಯವನಾಗುತ್ತಾನೆ. ಆದುದರಿಂದ ಈ ಐದು ತಾಲೂಕುಗಳ ಜನರಿಗೆ 30ನೆಯ ಅನುಚ್ಛೇದ ಪುಸ್ತಕದ ಮಾತಲ್ಲ.

ಒಂದೇ ದಿನದ ಎರಡು ತೀರ್ಪುಗಳು

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಎರಡು ತೀರ್ಪುಗಳನ್ನು ಕೊಟ್ಟಿತು. ಒಂದು ಕರ್ನಾಟಕದ್ದೇ ಮೊಕದ್ದಮೆ. 1994ರಲ್ಲಿ ರಾಜ್ಯ ಸರಕಾರ ಹೊರಡಿಸಿದ್ದ ಆಜ್ಞೆ ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ವಿಧಿಸಿತ್ತು. ಹಾಗೆ ಬಲವಂತಪಡಿಸುವ ಅಧಿಕಾರ ಸರಕಾರಕ್ಕಿಲ್ಲವೆಂದು ಪೀಠ ಹೇಳಿತು. ಇನ್ನೊಂದು, 2009ರ ಶಿಕ್ಷಣ ಹಕ್ಕಿನ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ, ಅವು ಅನುದಾನಿತವಾಗಲಿ ಅಲ್ಲದಿರಲಿ, ಅನ್ವಯಿಸುವುದಿಲ್ಲವೆಂಬ ತೀರ್ಪು. ಹಿಂದುಳಿದ, ಬಡ ಕುಟುಂಬಗಳ ಮಕ್ಕಳಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಡುವ ನಿಯಮವೂ ಆ ಕಾಯಿದೆಯಲ್ಲಿಯೇ ಇದೆ. ಈ ಎರಡನೆಯ ತೀರ್ಪು ಸರಿಯೇ ಎಂಬ ಸಂಶಯವನ್ನು 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ವ್ಯಕ್ತಪಡಿಸಿ, ಇನ್ನೂ ದೊಡ್ಡ ಪೀಠ ಅದನ್ನು ಪರಿಶೀಲಿಸಲೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ಕಾನೂನಿನ ಗುಣದೋಷಗಳನ್ನು ವಕೀಲರು ಚರ್ಚಿಸಲಿ. ಆ ಒಂದು ದಿನದ ಎರಡು ತೀರ್ಪುಗಳಿಂದ, ಈ ಸೀಮೆಯ ಎರಡು ಹಳೆಯ ಪ್ರಶ್ನೆಗಳು ಕ್ರೈಸ್ತ ಶಾಲೆಗಳ ಮಟ್ಟಿಗೆ ಬಿಷಪ್ಪರ ಮೇಜಿನ ಮೇಲೆ ಬಂದು ಕುಳಿತವು. ಯಾವ ಮಗುವನ್ನು ಒಳಗೆ ಕರೆಯಬೇಕು? ಅದಕ್ಕೆ ಯಾವ ನುಡಿಯಲ್ಲಿ ಕಲಿಸಬೇಕು? ಸರಕಾರ ಹೇಳಿತೆಂದು ಮಾಡುವ, ಇಲ್ಲವೆ ಸರಕಾರ ಬಿಡಲಿಲ್ಲವೆಂದು ಬಿಡುವ ಕಾಲ ಅದರೊಡನೆ ಮುಗಿಯಿತು.

ಇಂದು ಪೋಷಕರ ಒಲವು ಇಂಗ್ಲಿಷ್ ಮಾಧ್ಯಮದ ಕಡೆಗಿದೆ. ಕಬ್ಬು ಕಡಿಯುವ ಕೂಲಿಯವನೂ ಮಗನಿಗೆ ಇಂಗ್ಲಿಷ್ ಬರಲೆಂದು ಸಾಲ ಮಾಡುತ್ತಾನೆ. ಅವನನ್ನು ತಪ್ಪುಗಾರನೆನ್ನುವುದು ಸಲ್ಲದು. ಇಂಗ್ಲಿಷ್ ಶಾಲೆಗಳ ಫೀ ಬಾರದಿದ್ದರೆ ಸಭೆಯ ಇತರ ಕೆಲಸಗಳು ನಡೆಯುವುದು ಕಷ್ಟವೆಂಬ ಆಡಳಿತಗಾರರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಫೀ ಕೊಡಲಾರದ ಮಗು, ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಬಿಟ್ಟು ಬೇರೇನೂ ಕೇಳದ ಮಗು ಇನ್ನೂ ಇದೆ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಿಯ ಮಗಳು, ಅಥಣಿಯ ಚಪ್ಪಲಿ ಹೊಲಿಯುವವನ ಮಗ, ಕಬ್ಬಿನ ಹಂಗಾಮಿನಲ್ಲಿ ತಂದೆ ತಾಯಿಗಳ ಬೆನ್ನುಹತ್ತಿ ಊರೂರು ಅಲೆಯುವ ಮಗು, ಇವರೆಲ್ಲ ಆ ಸಾಲಿನವರು. ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಿ, ಮೊದಲ ಅಕ್ಷರವನ್ನು ಮನೆಮಾತಿನಲ್ಲಿ ಉಳಿಸಿಕೊಳ್ಳುವ ಶಾಲೆ. ಪಟ್ಟಣದ ಶಾಲೆಯ ಆದಾಯದಲ್ಲೊಂದು ಪಾಲನ್ನು ಹಳ್ಳಿಯ ಶಾಲೆಗೂ ವಸತಿಗೃಹಕ್ಕೂ ತಪ್ಪದೆ ಎತ್ತಿಡುವ ಸಭಾಪ್ರಾಂತ. ಕಾಯಿದೆ ಕೇಳದಿದ್ದರೂ ಬಡ ಮಕ್ಕಳ ಸ್ಥಾನಗಳನ್ನು ತಾನಾಗಿ ತುಂಬುವ ಆಡಳಿತ ಮಂಡಲಿ. ಇವು ಅಸಾಧ್ಯವಾದ ಕೆಲಸಗಳಲ್ಲ. ಕಾಟನರ ಶಾಲೆಯ ಅಚ್ಚುಕಟ್ಟಿಗೆ ಅಜರಯ್ಯನವರ ಹಳ್ಳಿಯ ಕಾಳಜಿ ಜೊತೆಗೂಡಿದರೆ ಸಾಕು.

ಮಠ, ಚರ್ಚು, ಬಸದಿ, ಸಂಸ್ಥೆ, ಯಾವುದರ ಹೆಸರಿನಲ್ಲಿಯೇ ಶಾಲೆ ನಡೆಯಲಿ, ಈ ಮಾತು ಎಲ್ಲರಿಗೂ ಸಲ್ಲುತ್ತದೆ. ಶಾಲೆಗಳ ಮುಂದಾಳುಗಳನ್ನು ಜನ ಅಳೆಯುವುದು ಅವರು ಕಟ್ಟಿಸಿದ ಕಟ್ಟಡಗಳಿಂದಲ್ಲ, ಅವರ ಹಾಜರಿ ಪುಸ್ತಕದಲ್ಲಿ ಯಾರ ಹೆಸರುಗಳಿವೆ ಎಂಬುದರಿಂದ. 1856ರಲ್ಲಿ ಫೀ ಹಿಡಿದು ಬಂದ ಹುಡುಗನ ಹೆಸರು ಧಾರವಾಡದ ಶಾಲೆಯ ಹಾಜರಿಯಲ್ಲಿ ಏರಲಿಲ್ಲ. ಈ ವರ್ಷದ ಜೂನಿನಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗಿನ ಯಾವ ಶಾಲೆಯ ಹಾಜರಿಯಲ್ಲಿಯೂ ಅಂಥ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಆ ಶಾಲೆಗಳನ್ನು ನಡೆಸುವವರ ಕೈಯಲ್ಲಿದೆ.